ದೀಪಾವಳಿಯೊಳಗೆ ಒಂದು ಸಲ ಮೊದಲು ಬನ್ನಿ

ಶಿಸ್ತಿನ ಮನೆಯಲ್ಲಿ ನಗೆಪಾಟಲಿನ ಸಂಗತಿಗಳು ನಡೆಯುವುದಿಲ್ಲವೆಂದು ಯಾರಾದರೂ ತಿಳಿದಿದ್ದರೆ ಅವರು ಶಿಸ್ತಿನ ಮನೆಯಲ್ಲಿ ಬಾಳಿದವರಲ್ಲ. ಎಲ್ಲವನ್ನೂ ಅದರದರ ಜಾಗದಲ್ಲಿ ಇಟ್ಟ ಮನೆಯಲ್ಲೇ ಜಾಗ ತಪ್ಪಿದ್ದು ಎದ್ದು ಕಾಣುವುದು. ನಮ್ಮ ಮನೆಯಲ್ಲಂತೂ ಅದು ವಾರಕ್ಕೊಮ್ಮೆ ಕಾಣುತ್ತಿತ್ತು.

ಮೊನ್ನೆ ಇಲ್ಲೇ ಸಿಂಗಪುರದ ಸೆಂಗ್‌ಕಾಂಗ್‌ನಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಅವರ ಮಗಳು ಸೋಫಾದ ಮೇಲೆ ಕಾಲು ಮಡಚಿಕೊಂಡು, ಇನ್ಯಾವುದೋ ದೇಶದ ಗೆಳತಿಯೊಂದಿಗೆ ಟಿವಿಯಲ್ಲಿ ಆಟವಾಡುತ್ತಿದ್ದಳು. "ಇದಕ್ಕೆಲ್ಲ ಮೊದಲು ಟೆಲಿಫೋನ್ ತಂತಿ ಚುಚ್ಚಬೇಕಾಗುತ್ತಿತ್ತು" ಎಂದೆ.

"ಟೆಲಿಫೋನ್? ಆಂಟಿ, ಸುಮ್ನೆ ಹೇಳ್ತೀರಾ ಲಾ."

ನಾನು ಸುಮ್ಮನೆ ಹೇಳುವವಳಲ್ಲ, ಇಲ್ಲಿನವರಂತೆ ಮಾತಿನ ತುದಿಗೆ 'ಲಾ' ಅಂಟಿಸುವವಳೂ ಅಲ್ಲ. ಕಾಲು ಕೆಳಗಿಳಿಸಿ ನೆಟ್ಟಗೆ ಕೂರುವಂತೆ ಅವಳಿಗೆ ತಿಳಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳು ಕೊನೆಯಲ್ಲಿ ನಗುತ್ತಾ ಸೋಫಾದಿಂದ ಜಾರಿ ಮತ್ತೆ ಕಾಲು ಮೇಲಾದಳು. ಆ ಒಂದು ಸಲ ಕ್ಷಮಿಸಿದೆ.

ಪೆಟ್ಟಿಗೆಯ ಪ್ರವೇಶ

ಆಗ ನಾವು ಜುರಾಂಗ್ ಈಸ್ಟ್‌ನ ಫ್ಲ್ಯಾಟಿನಲ್ಲಿದ್ದೆವು. ನಮ್ಮ ಯಜಮಾನರು ಎಂಜಿನಿಯರು, ಗದಗಿನವರು, ಮೃದು ಸ್ವಭಾವ. ಚೀನೀ ಹೊಸವರ್ಷದ ರಜೆಯಲ್ಲಿ ಒಂದು ದಿನ ಬಗಲಲ್ಲಿ ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ಬಂದರು.

"ಏನದು?"

"ಮಗಳಿಗೆ. ಈಗಿನ ಕಾಲದಾಗ ಮಕ್ಕಳು ಟೆಕ್ನಾಲಜಿ ಕಲೀಬೇಕು ನೋಡು."

ಮಗಳು ತನ್ನ ಕೋಣೆಯಿಂದ ಬಂದು, ಪೆಟ್ಟಿಗೆಯ ಮೇಲಿನ ಕಾರಿನ ಚಿತ್ರ ನೋಡಿ, "ಪಪ್ಪಾ, ಯು ಪ್ಲೇ ಲಾ, ನಂಗೆ ಟೆಸ್ಟ್ ಇದೆ" ಎಂದು ಒಳಗೆ ಹೋದಳು. ಅವಳನ್ನು ಬೆಳೆಸಿದ್ದು ನಾನು. ಯಜಮಾನರನ್ನು ಬೆಳೆಸಿದ್ದು ಬೇರೆಯವರು.

ಪೆಟ್ಟಿಗೆಯಲ್ಲಿದ್ದದ್ದು ವಿಡಿಯೋ ಗೇಮ್ ಆಡುವ ಯಂತ್ರ. ಅದರಿಂದ ಒಂದು ತಂತಿ ಟಿವಿಗೆ, ಒಂದು ತಂತಿ ಕರೆಂಟಿಗೆ, ಇನ್ನೊಂದು ನಮ್ಮ ಮನೆಯ ಟೆಲಿಫೋನ್ ಲೈನಿಗೆ ಹೋಗುತ್ತಿತ್ತು. ಚುಚ್ಚಿದಾಗ ಕೊಕ್ಕರೆಯ ಕುತ್ತಿಗೆ ಹಿಸುಕಿದಂತೆ ಸದ್ದು ಮಾಡಿ, ಬಹಳ ಹೊತ್ತು ಯೋಚಿಸಿ, ಕೊನೆಗೆ ಬೇರೆ ಬೇರೆ ಊರಿನವರನ್ನು ಒಂದೇ ರಸ್ತೆಗೆ ತರುತ್ತಿತ್ತು. ಗುಂಡು ಹಾರಿಸುವ ಆಟಗಳು ನನ್ನ ಡ್ರಾಯಿಂಗ್ ರೂಮಿನಲ್ಲಿ ಕೂಡದೆಂದು ಮೊದಲೇ ಹೇಳಿದ್ದರಿಂದ ಕಾರಿನ ರೇಸು ಒಂದೇ ಉಳಿಯಿತು. ಪೆನಾಂಗ್‌ನ ಒಬ್ಬ ದಂತವೈದ್ಯರು, ಮನಿಲಾದ ಒಬ್ಬ ಬ್ಯಾಂಕ್ ಅಧಿಕಾರಿ, ಹಾಂಗ್‌ಕಾಂಗ್‌ನಲ್ಲಿರುವ ನಮ್ಮ ಮಂಗಳೂರಿನ ಕಡೆಯ ಒಬ್ಬ ಅಕೌಂಟೆಂಟ್, ಮತ್ತು ನಮ್ಮ ಯಜಮಾನರು. ಎಲ್ಲರೂ ತಲೆ ನರೆಯಲು ಶುರುವಾದವರು. ಪುಟ್ಟ ಕೀಬೋರ್ಡಿನಲ್ಲಿ ಒಂದೆರಡು ಪದ ಕುಟ್ಟಿ ಕುಶಲ ವಿಚಾರಿಸಿಕೊಂಡು, ರಸ್ತೆಗಿಳಿಯುತ್ತಿದ್ದರು.

ನಾಲ್ವರಲ್ಲಿ ಪ್ರತಿ ಸಲವೂ ಕೊನೆಗೆ ಬರುತ್ತಿದ್ದವರು ನಮ್ಮವರು. ಸ್ವಲ್ಪ ದಿನ ನೋಡಿದೆ. ಆಮೇಲೆ ಕೇಳಿದೆ.

"ಸೋತರೇನಾತು? ಆಟ ಅಲ್ಲೇನು ಇದು?" ಎಂದರು.

"ಆಟವಾಗಲಿ ಅಡುಗೆಯಾಗಲಿ, ಮಾಡುವುದಾದರೆ ಚೆನ್ನಾಗಿ ಮಾಡಬೇಕು. ದೀಪಾವಳಿಯೊಳಗೆ ಒಂದು ಸಲ ಮೊದಲು ಬನ್ನಿ. ಬಂದರೆ ಈ ಯಂತ್ರ ಇಲ್ಲೇ ಇರಲಿ. ಬಾರದಿದ್ದರೆ, ಹಬ್ಬಕ್ಕೆ ಮನೆ ಶುಚಿ ಮಾಡುವ ದಿನ ಕರಂಗುನಿಯವನಿಗೆ ಕೊಡುತ್ತೇನೆ."

ಕರಂಗುನಿಯವನೆಂದರೆ ಪೋಂ ಪೋಂ ಎಂದು ಹಾರ್ನ್ ಒತ್ತುತ್ತಾ ಕಾರಿಡಾರಿನಲ್ಲಿ ಹಳೆ ಸಾಮಾನು ಕೇಳಿಕೊಂಡು ಬರುವವನು. ನನ್ನ ಮಾತನ್ನು ಎಂದೂ ಅನುಮಾನಿಸದ ಯಜಮಾನರ ಮುಖ ಬಿಳಿಚಿತು. ವಾರವಿಡೀ ಆಫೀಸಿನಲ್ಲಿ ಯಾರ್ಯಾರದೋ ಮಾತು ಕೇಳುವ ಅವರಿಗೆ ಅದೊಂದೇ ಸಂತೋಷವಾಗಿತ್ತು. ಅದು ನನಗೂ ಗೊತ್ತಿತ್ತು. ಆದರೆ ಕೊಟ್ಟ ಷರತ್ತು ಕೊಟ್ಟದ್ದೇ.

"ಎರಡನೇ ಸ್ಥಾನ ಬಂದ್ರ ನಡೀತದೇನು?" ಎಂದು ಮೆಲ್ಲಗೆ ಕೇಳಿದರು.

"ಎರಡನೆಯ ಸ್ಥಾನ ಹೇಗಿರುತ್ತದೆಂದು ನನಗೆ ತಿಳಿಯದು. ಕಾನ್ವೆಂಟಿನಲ್ಲಿ ನಾನು ಆ ಮೆಟ್ಟಿಲ ಮೇಲೆ ನಿಂತವಳಲ್ಲ" ಎಂದೆ.

ಬುತ್ತಿ

ಆಟ ನಡೆದಷ್ಟು ಹೊತ್ತೂ ಮನೆಯ ಫೋನ್ ಎಂಗೇಜ್. ಇದು ಆಗಿನ ಯಂತ್ರಗಳ ಗುಣ. ನಮ್ಮ ಅತ್ತೆಯವರು ಗದಗಿನಿಂದ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅದೊಂದೇ ನಂಬರು. ನಮ್ಮ ಮನೆಯಲ್ಲಿ ಫೋನನ್ನು ಸದ್ದು ಕೇಳಿದ ಕೂಡಲೇ ಎತ್ತಬೇಕೆಂಬ ನಿಯಮವಿದೆ. ಹಾಗಾಗಿ ಒಂದು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಎಂಗೇಜ್ ಬಂದಾಗ, ಸೊಸೆಯ ಮನೆಯಲ್ಲಿ ನಿಯಮ ತಪ್ಪಿದೆಯೆಂದರೆ ಏನೋ ಅನಾಹುತವೇ ಆಗಿರಬೇಕೆಂದು ಅವರು ತೀರ್ಮಾನಿಸಿದರು. ತೀರ್ಮಾನ ತರ್ಕಬದ್ಧವಾಗಿಯೇ ಇತ್ತು.

ಅವರು ಹುಬ್ಬಳ್ಳಿಯ ತಂಗಿಗೆ ಹೇಳಿದರು. ತಂಗಿ ಇಲ್ಲಿರುವ ನಮ್ಮ ಕಡೆಯ ಹಿರಿಯರೊಬ್ಬರಿಗೆ ಫೋನ್ ಮಾಡಿದರು. ಗದಗ ಬಿಡುವಾಗ "ಫೋನ್ ಹತ್ತವಲ್ದು" ಎಂದಿದ್ದ ಸುದ್ದಿ, ಹುಬ್ಬಳ್ಳಿ ದಾಟುವಾಗ "ಯಾರಿಗೋ ಭಾಳ ಸೀರಿಯಸ್" ಆಯಿತು. ಜುರಾಂಗ್ ಈಸ್ಟ್ ತಲುಪುವ ಹೊತ್ತಿಗೆ ಯಾರೋ ತೀರಿಯೇ ಹೋಗಿದ್ದರು. ಯಾರು ಎಂಬುದೊಂದು ಗೊತ್ತಾಗಬೇಕಿತ್ತು.

ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ. ನಂಟರು ಬುತ್ತಿ ತರುವುದು ನಮ್ಮ ಕಡೆಯ ರೂಢಿ. ಆ ಹಿರಿಯರು, ಅವರ ಮನೆಯವರು, ಇನ್ನೂ ಮೂರು ಕುಟುಂಬಗಳು ಅನ್ನ, ಸಾರು, ರೊಟ್ಟಿ, ಪಲ್ಯ ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿಕೊಂಡು, ಹೆಂಗಸರೆಲ್ಲ ತಿಳಿ ಬಣ್ಣದ ಸೀರೆ ಉಟ್ಟು, ಎಂಆರ್‌ಟಿ ರೈಲು ಹಿಡಿದು ಬಂದರು. ನಾನು ಮಕ್ಕಳಿಗೆ ಇಂಗ್ಲಿಷ್ ಉಚ್ಚಾರಣೆ ಹೇಳಿಕೊಡಲು ಹೋಗಿದ್ದೆ. ಬಾಗಿಲು ತೆರೆದವರು ಯಜಮಾನರು. ಆಗ ತಾನೇ ಇನ್ನೊಂದು ರೇಸು ಸೋತಿದ್ದರು. ಟಿವಿ ದಿಟ್ಟಿಸಿ ದಿಟ್ಟಿಸಿ ಕಣ್ಣು ಕೆಂಪಾಗಿತ್ತು.

ಹಿರಿಯರು ಅವರ ಹೆಗಲು ಹಿಡಿದು, "ಧೈರ್ಯ ತಗೋಬೇಕಪ್ಪಾ" ಎಂದರು.

ಇಷ್ಟು ಬೇಗ ಸುದ್ದಿ ಹೇಗೆ ಹರಡಿತೆಂದು ಯಜಮಾನರಿಗೆ ಆಶ್ಚರ್ಯ. ಆದರೂ ಸಮಾಧಾನ ಹೇಳುವವರು ಸಿಕ್ಕಿದ್ದೇ ಸಾಕೆಂದು, "ಏನ್ ಧೈರ್ಯ ಅಂಕಲ್, ಕಡೀ ತಿರುವಿನ ತನಕಾ ಎಲ್ಲಾ ಚಲೋನ ಇತ್ತು" ಎಂದರು.

"ಕಡೀ ತಿರುವು ಯಾರ ಕೈಯಾಗೂ ಇರಂಗಿಲ್ಲ."

"ನನ್ನ ಕೈಯಾಗ ಇತ್ರೀ! ಬ್ರೇಕ್ ಹಿಡೀಬೇಕಿತ್ತು. ಹಿಡೀಲಿಲ್ಲ."

ಇಷ್ಟು ಕೇಳಿದ್ದೇ ಹೆಂಗಸರು ಗೊಳೋ ಎಂದರು.

ನಾನು ಬಂದಾಗ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಅಳು. ಒಬ್ಬಾಕೆ ಓಡಿಬಂದು ನನ್ನನ್ನು ತಬ್ಬಿಕೊಂಡು, ಮರುಗಳಿಗೆ ಹಿಂದೆ ಸರಿದು, "ಅಯ್ಯೋ, ಇವ್ರು ಇದ್ದಾರ!" ಎಂದು ಉಳಿದವರಿಗೆ ಹೇಳಿದರು. ನನ್ನ ಬದುಕಿನಲ್ಲಿ ನನ್ನನ್ನು ಯಾರೂ ಅಷ್ಟು ನಿರಾಶೆಯಿಂದ ನೋಡಿರಲಿಲ್ಲ. ಗದ್ದಲಕ್ಕೆ ಮಗಳೂ ಪುಸ್ತಕ ಹಿಡಿದು ಹೊರಬಂದಳು. ಮನೆಯವರೆಲ್ಲ ಇದ್ದಾರೆಂದು ಖಚಿತವಾದ ಮೇಲೆ ನಾನು ಎಲ್ಲರನ್ನೂ ಕೂರಿಸಿ, ಒಬ್ಬೊಬ್ಬರಾಗಿ ಮಾತನಾಡಲು ಹೇಳಿ, ವಿಷಯ ತಿಳಿದುಕೊಂಡೆ.

ಸಾವಿನ ಮನೆಗೆಂದು ತಂದ ಅಡುಗೆಯನ್ನು ವಾಪಸು ಒಯ್ಯುವಂತಿಲ್ಲ. ಎಲ್ಲರೂ ನಮ್ಮಲ್ಲೇ ಉಂಡರು. ಆ ಹಿರಿಯರು ಮೂರನೆಯ ರೊಟ್ಟಿ ಮುರಿಯುತ್ತಾ, ಎಲ್ಲರನ್ನೂ ಒಮ್ಮೆ ನೋಡಿ, "ಖರೇ ಹೇಳ್ತೀನಿ, ಇಷ್ಟು ಸಂತೋಷದ ಸತ್ತಮನಿ ನಾ ನೋಡೇ ಇಲ್ಲ" ಎಂದರು.

ಎಲ್ಲರೂ ಗೆದ್ದ ರೇಸು

ಮರುದಿನವೇ ಯಂತ್ರದಿಂದ ಫೋನ್ ತಂತಿ ಕೀಳಿಸಿದೆ. ಯಜಮಾನರು ಆ ಯಂತ್ರ ಬದಲಿಸಿ, ಬ್ರಾಡ್‌ಬ್ಯಾಂಡಿಗೆ ಸೇರಿಸುವ ಹೊಸದನ್ನು ತಂದರು. ಪೆನಾಂಗ್, ಮನಿಲಾ, ಹಾಂಗ್‌ಕಾಂಗ್‌ನವರೂ ಅದನ್ನೇ ಕೊಂಡರು. ಯಂತ್ರ ಬದಲಾದರೂ ಷರತ್ತು ಬದಲಾಗಲಿಲ್ಲ. ಸ್ಥಾನವೂ ಬದಲಾಗಲಿಲ್ಲ.

ಹೊಸದರಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಮಾತನಾಡುವ ಹೆಡ್‌ಸೆಟ್ ಇತ್ತು. ನಾನು ಒಪ್ಪಲಿಲ್ಲ. ನನ್ನ ಡ್ರಾಯಿಂಗ್ ರೂಮಿನಲ್ಲಿ ಯಾರಾದರೂ ಮಾತನಾಡಿದರೆ ಅದು ಅಲ್ಲಿರುವ ಎಲ್ಲರಿಗೂ ಕೇಳಬೇಕು. ಕಿವಿಯಲ್ಲಿ ಪಿಸುಗುಟ್ಟುವುದು ಸಭ್ಯರ ಲಕ್ಷಣವಲ್ಲ. ಯಜಮಾನರು ಏನೋ ಸೆಟ್ಟಿಂಗ್ ಬದಲಿಸಿ, ಗೆಳೆಯರ ಮಾತು ಟಿವಿಯಿಂದಲೇ ಬರುವಂತೆ ಮಾಡಿದರು. ಇವರ ಮಾತು ಮಾತ್ರ ಹೆಡ್‌ಸೆಟ್ಟಿನ ಮೈಕಿನಿಂದ ಹೋಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಯಜಮಾನರು ಕುರ್ಚಿಯಿಂದ ಜಿಗಿದು, "ಬಂದೆ! ಮೊದಲು ಬಂದೆ! ಬಾ, ನೋಡು ಬಾ!" ಎಂದು ಕೂಗಿದರು. ಹೋಗಿ ನೋಡಿದೆ. ಹೌದು, ಅವರ ಕಾರು ಗೆರೆ ದಾಟಿ ನಿಂತಿತ್ತು. ಉಳಿದವರು ಹಿಂದೆ ಎಲ್ಲೋ ಇದ್ದರು.

"ಎಲ್ಲಿ ಫಸ್ಟ್?" ಎಂದಿತು ಪೆನಾಂಗಿನ ದಂತವೈದ್ಯರ ದನಿ. "ನಾನು ಫಸ್ಟ್ ಲಾ. ನನ್ನ ಟಿವಿಯಲ್ಲಿ ನಾನು ಆಗಲೇ ಮುಗಿಸಿ ಕಾಫಿ ಕುಡಿಯುತ್ತಿದ್ದೇನೆ."

"ಕ್ಷಮಿಸಿ ಸರ್, ಗೆದ್ದದ್ದು ನಾನು" ಎಂದರು ಮನಿಲಾದ ಬ್ಯಾಂಕಿನವರು. ಬಹಳ ವಿನಯದ ಮನುಷ್ಯ. "ನೀವಿಬ್ಬರೂ ಇನ್ನೂ ಸುರಂಗದಲ್ಲಿದ್ದೀರಿ."

ಮಂಗಳೂರಿನವರು, "ಮೇಡಂ, ನನ್ ಟಿವೀಲೂ ನಾನೇ ಫಸ್ಟು. ನಿಮ್ ಯಜಮಾನ್ರ ಕಾರು ಇಲ್ಲಿ ಆಕಾಶದಲ್ಲಿ ಹೋಗ್ತಾ ಇದೆ" ಎಂದರು.

ಯಜಮಾನರು ನನ್ನತ್ತ ತಿರುಗಿ, "ಇದಕ್ಕ ಲ್ಯಾಗ್ ಅಂತಾರ. ಒಬ್ಬೊಬ್ಬರ ಸುದ್ದಿ ಒಬ್ಬೊಬ್ಬರಿಗೆ ತಡಾ ಮುಟ್ಟತದ. ಅದಕ್ಕ ಎಲ್ಲಾರೂ ಬ್ಯಾರೆ ಬ್ಯಾರೆ ನೋಡ್ತಾರ. ಆದ್ರ ನಮ್ಮ ಮನ್ಯಾಗಂತೂ ನಾನ ಫಸ್ಟ್. ನೀನ ಕಣ್ಣಾರೆ ನೋಡಿದಿ. ಷರತ್ತು ಮುಗೀತಲ್ಲ?" ಎಂದರು.

ದನಿಯಲ್ಲಿ ಎಂಥ ಆಸೆ ಇತ್ತೆಂದರೆ ಇನ್ನೊಬ್ಬಳಾಗಿದ್ದರೆ ಒಪ್ಪಿಬಿಡುತ್ತಿದ್ದಳು. ನಾನು ನಾಲ್ವರ ಹೇಳಿಕೆಯನ್ನೂ ಇನ್ನೊಮ್ಮೆ ಕೇಳಿದೆ. ಎಲ್ಲರೂ ತಾವೇ ಮೊದಲು ಎಂದರು.

"ನಾಲ್ಕು ಉತ್ತರಪತ್ರಿಕೆಗಳಲ್ಲಿ ಒಂದೇ ಉತ್ತರ ಬಂದರೆ ನಮ್ಮ ಕಾನ್ವೆಂಟಿನಲ್ಲಿ ನಾಲ್ವರಿಗೂ ಸೊನ್ನೆ" ಎಂದು ತೀರ್ಪು ಕೊಟ್ಟೆ.

ಮನಿಲಾದವರು, "ಥ್ಯಾಂಕ್ಯೂ, ಮ್ಯಾಮ್" ಎಂದರು.

ಉಪವಾಸದ ಮಂದಿ

ಶ್ರಾವಣ ಮುಗಿಯುವ ಹೊತ್ತಿಗೆ ಅತ್ತೆಯವರೇ ಸಿಂಗಪುರಕ್ಕೆ ಬಂದರು. ಫೋನಿನ ಮೇಲೆ ಅವರಿಗೆ ನಂಬಿಕೆ ಹೋಗಿತ್ತು.

ಮಗ ಟಿವಿಯ ಮುಂದೆ ಕೂತು ಇಂಗ್ಲಿಷಿನಲ್ಲಿ ಮಾತನಾಡುವುದನ್ನೂ, ಟಿವಿ ಮರುಮಾತು ಕೊಡುವುದನ್ನೂ ಅತ್ತೆಯವರು ಮೊದಲ ದಿನ ಬಾಗಿಲಲ್ಲೇ ನಿಂತು ನೋಡಿದರು. "ಯಾರಪಾ ಅವರು?"

"ನನ್ನ ಗೆಳ್ಯಾರು, ಅವ್ವಾ. ಆಟಕ್ಕ ಬಂದಾರ."

ಅತ್ತೆಯವರ ಪಾಲಿಗೆ ಬಂದವರು ಬಂದವರೇ. ಹೊತ್ತು ಮಧ್ಯಾಹ್ನ. ಮೈಕಿನ ಹತ್ತಿರ ಬಾಗಿ, ದೂರದ ಹೊಲದಲ್ಲಿರುವವರನ್ನು ಕರೆಯುವಂತೆ, "ಊಟ ಆತೇನ್ರೀ?" ಎಂದು ಕೂಗಿದರು. ಪೆನಾಂಗಿನಲ್ಲಿ ಯಾರೋ ಕಪ್ಪು ಕೆಡವಿದ ಸದ್ದಾಯಿತು.

ಮಂಗಳೂರಿನವರು ಅರ್ಥ ಬಿಡಿಸಿ ಹೇಳಿ, ಉತ್ತರವನ್ನೂ ಕಲಿಸಿಕೊಟ್ಟರು. ಅಂದಿನಿಂದ ರೇಸಿಗೆ ಮೊದಲು ಹಾಜರಿ ಹಾಕಿದಂತೆ, "ಆತ್ರೀ ಅಮ್ಮಾ" ಎಂದು ಪೆನಾಂಗ್ ಹೇಳುವುದು, "ಆತ್ರೀ ಅಮ್ಮಾ" ಎಂದು ಮನಿಲಾ ಹೇಳುವುದು. ಅತ್ತೆಯವರು ತೃಪ್ತಿಯಿಂದ ಒಳಗೆ ಹೋಗುವರು. ಆ ಇಬ್ಬರ ಉಚ್ಚಾರಣೆ ಶುದ್ಧವಾಗಿತ್ತೆಂದು ನಾನು ಹೇಳಲೇಬೇಕು.

ಆ ತಿಂಗಳು ಯಜಮಾನರ ಕೈ ಪಳಗಿತ್ತು. ದೀಪಾವಳಿಯ ಭಯ ಒಳ್ಳೆಯ ಮೇಷ್ಟರು. ಒಂದು ಭಾನುವಾರ ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದರು. ನಾನೂ ಕೈಯ ಕೆಲಸ ಬಿಟ್ಟು ನಿಂತೆ. ಆಗ ಟಿವಿಯಿಂದ ದಂತವೈದ್ಯರ ದನಿ ಬಂತು. ದೀನವಾಗಿ, ಸ್ಪಷ್ಟವಾಗಿ, "ಅಮ್ಮಾ... ಊಟ ಆಗಿಲ್ರೀ."

ಅತ್ತೆಯವರು ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. "ಏನಂದಿ? ಊಟ ಆಗಿಲ್ಲ? ಉಪವಾಸ ಮಂದೀನ ಕೂಡಿಸ್ಕೊಂಡು ಆಟ ಆಡ್ತೀಯೇನೋ? ನಿನಗ ನಾ ಇದನ್ನ ಕಲಿಸೀನೇನು?" ಎಂದು ಮಗನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು, ಸೆರಗಿನಲ್ಲಿ ಸುತ್ತಿಟ್ಟುಕೊಂಡರು. "ಮೊದಲು ಆ ಹುಡುಗ ಉಣ್ಣಲಿ."

ಆ ಹುಡುಗನಿಗೆ ಐವತ್ತು ಸಮೀಪಿಸಿತ್ತು. ಯಜಮಾನರ ಕಾರು ಗೆರೆಗೆ ಕೂಗಳತೆಯಲ್ಲಿ ನಿಂತೇಬಿಟ್ಟಿತು. ಉಳಿದ ಮೂವರು ಪಕ್ಕದಿಂದ ಒಬ್ಬೊಬ್ಬರಾಗಿ ಹಾದುಹೋದರು.

ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ವಾರದಿಂದ ಯಜಮಾನರು ಮುಂದೆ ಹೋದಾಗಲೆಲ್ಲ ಮೂರು ಊರುಗಳಲ್ಲಿ ಒಟ್ಟಿಗೆ ಹಸಿವು ಶುರುವಾಗುತ್ತಿತ್ತು.

ಖಂಡೇ ಪೂಜೆ

ಮಹಾನವಮಿಯ ದಿನ ನಮ್ಮ ಕಡೆ ಖಂಡೇ ಪೂಜೆ. ದುಡಿಯುವ ಸಲಕರಣೆಗಳಿಗೆಲ್ಲ ಅಂದು ಪೂಜೆ, ಅಂದು ವಿಶ್ರಾಂತಿ. ಅತ್ತೆಯವರು ನನ್ನ ಕತ್ತರಿ, ಮಿಕ್ಸರು, ಮಗಳ ಕಂಪಾಸು, ಯಜಮಾನರ ಲ್ಯಾಪ್‌ಟಾಪು ಎಲ್ಲಕ್ಕೂ ವಿಭೂತಿ ಹಚ್ಚಿ ಹೂ ಏರಿಸಿದರು. ಆಟದ ಯಂತ್ರ ದುಡಿಯುವ ಸಲಕರಣೆಯೋ ಅಲ್ಲವೋ ಎಂದು ನನ್ನನ್ನು ಕೇಳಿದರು. ಅಲ್ಲವೆಂದೆ.

"ಹಬ್ಬದ ದಿನ ಅದೊಂದ ಬರಿಗೈಲೆ ಕುಂತ್ರ ಚಲೋ ಕಾಣಂಗಿಲ್ಲವಾ" ಎಂದು ಅದಕ್ಕೂ ಮೂರು ಬೆರಳು ವಿಭೂತಿ ಎಳೆದರು. ಎಳೆಯುವಾಗ ಬೆರಳು ಯಾವುದೋ ಗುಂಡಿಗೆ ತಾಗಿತು. ಡಿಸ್ಕ್ ಇಡುವ ತಟ್ಟೆ ಸರ್ರನೆ ಹೊರಗೆ ಬಂದು ಅವರ ಮುಂದೆ ನಿಂತಿತು.

ಅಷ್ಟರಲ್ಲಿ ನಾನು ಅಡುಗೆಮನೆಗೆ ಹೋಗಿದ್ದೆ. ನಾನಿದ್ದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಮರುದಿನ ಬನ್ನಿ ಹಂಚಿಯಾದ ಮೇಲೆ ಯಜಮಾನರು ಯಂತ್ರ ಹಚ್ಚಿದರು. ಅದು ಗೊರಗೊರ ಎಂದಿತು. ತುಪ್ಪ ಕಾಯಿಸಿದಂತೆ ಘಮ ಬಂತು. ಆಮೇಲೆ ಏನೂ ಬರಲಿಲ್ಲ. ಗಾಬರಿಯಿಂದ ಅದನ್ನು ಎತ್ತಿಕೊಂಡು ರಿಪೇರಿ ಅಂಗಡಿಗೆ ಓಡಿದರು. ನಾನೂ ಹೋದೆ, ಏಕೆಂದರೆ ಅವರು ಅಂಗಡಿಯವರೊಂದಿಗೆ ದೃಢವಾಗಿ ಮಾತನಾಡುವವರಲ್ಲ. ಅಲ್ಲಿದ್ದ ಹುಡುಗಿ ಮುಚ್ಚಳ ಬಿಚ್ಚಿ, ಒಳಗೆ ಇಣುಕಿ, ಮೂಸಿ, ಚಿಮಟಿಗೆಯಿಂದ ಹಳದಿ ಚೂರೊಂದನ್ನು ಮೇಲೆತ್ತಿದಳು.

"ಅಂಕಲ್, ಇದಕ್ಕೆ ಊಟ ಹಾಕಿದ್ರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಕ್ಯಾನಾಟ್ ಲಾ."

ಅದು ಹೋಳಿಗೆಯಾಗಿತ್ತು. ನಾನು ಮಾಡಿದ್ದು. ಕಣಕ ಸರಿಯಾಗಿತ್ತು, ಹೂರಣ ಹದವಾಗಿತ್ತು. ಆದರೆ ಡಿಸ್ಕ್ ಓದುವ ಗಾಜಿಗೆ ತುಪ್ಪ ಒಗ್ಗಲಿಲ್ಲ. ರಿಪೇರಿಗೆ ದಿನಗಳು ಹಿಡಿದವು. ಹಬ್ಬ ಹತ್ತಿರವಾಗುತ್ತಾ ಯಜಮಾನರು ಕ್ಯಾಲೆಂಡರ್ ಇದ್ದ ಗೋಡೆಯತ್ತ ನೋಡುವುದನ್ನೇ ಬಿಟ್ಟರು.

ಮನೆಗೆ ಬಂದು ಅತ್ತೆಯವರನ್ನು ಗೌರವದಿಂದಲೇ ವಿಚಾರಿಸಿದೆ. ಅವರಿಗೆ ಒಂದಿಷ್ಟೂ ಪಶ್ಚಾತ್ತಾಪವಿರಲಿಲ್ಲ.

"ತಾನಾಗೇ ತಾಟು ಮುಂದ ಹಿಡೀತು. ಇಲ್ಲ ಅನ್ನಲಿ ಹೆಂಗ? ಇಟ್ಟೆ, ಗಪಕ್ಕನ ಒಳಗ ತಗೊಂತು. ಇಷ್ಟು ವರ್ಷ ನೈವೇದ್ಯ ಮಾಡೀನಿ, ನಮ್ಮ ಮನೀದೇವರು ಒಂದಿನನೂ ಹಿಂಗ ತಗೊಂಡಿಲ್ಲ ನೋಡವಾ!"

ಸಿಸ್ಟರ್ ಬಂದದ್ದು

ಯಂತ್ರ ರಿಪೇರಿಯಾಗಿ ಬಂದಾಗ ದೀಪಾವಳಿಗೆ ಮೊದಲು ಉಳಿದದ್ದು ಒಂದೇ ಭಾನುವಾರ. ಮಧ್ಯಾಹ್ನ ಒಂದು ರೇಸಿಗೆ ನಾಲ್ವರೂ ಸಮಯ ಗೊತ್ತುಮಾಡಿದರು. ಅತ್ತೆಯವರನ್ನು ಯಜಮಾನರು ಬೆಳಗ್ಗೆಯೇ ನಂಟರ ಮನೆಗೆ ಬಿಟ್ಟುಬಂದರು. ಅಷ್ಟು ಮುಂದಾಲೋಚನೆಯನ್ನು ಅವರಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆದರೆ ಅದೇ ಭಾನುವಾರ ಅದೇ ಹೊತ್ತಿಗೆ ನಮ್ಮ ಮನೆಗೆ ಚಹಾಕ್ಕೆ ಬರುವವರಿದ್ದರು. ಬೆಳಗಾವಿಯಲ್ಲಿ ನಾನು ಓದಿದ ಕಾನ್ವೆಂಟಿನ ಹೆಡ್‌ಮಿಸ್ಟ್ರೆಸ್ ಆಗಿದ್ದ ಸಿಸ್ಟರ್. ನಿವೃತ್ತರಾಗಿದ್ದರು, ಇಲ್ಲಿನ ಸಿಸ್ಟರುಗಳನ್ನು ನೋಡಲು ಬಂದಿದ್ದರು. ನನ್ನ ನಡೆ, ನುಡಿ, ಕೈಬರಹ, ನಾನು ಚಮಚ ಇಡುವ ರೀತಿ ಎಲ್ಲವೂ ಅವರ ಕೊಡುಗೆ. ಪರದೆಗಳನ್ನು ಒಗೆದು ಇಸ್ತ್ರಿ ಮಾಡಿಸಿದೆ. ಮಗಳಿಗೆ ಎರಡು ಸಲ ಉಗುರು ತೋರಿಸಲು ಹೇಳಿದೆ.

"ಅವತ್ತ ಕಡೀ ರೇಸ್..." ಎಂದರು ಯಜಮಾನರು.

ಸಿಸ್ಟರ್ ಎದುರಿಗೆ ಆಟವೇ! ಆದರೆ ಕೊಟ್ಟ ಗಡುವಿನೊಳಗೆ ಕೊನೆಯ ಅವಕಾಶ ಕಸಿದುಕೊಳ್ಳುವುದು ನ್ಯಾಯವಲ್ಲ. "ಅವರು ಬರುವುದರೊಳಗೆ ಮುಗಿಸಿ. ಟಿವಿಯ ಸದ್ದು ಕಡಿಮೆ ಇರಲಿ" ಎಂದೆ.

ಸಿಸ್ಟರ್ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಯಾವಾಗಲೂ ಹಾಗೆಯೇ. ಬೆಲ್ ಆದಾಗ ರೇಸಿನ ಕೊನೆಯ ಸುತ್ತು. ಯಜಮಾನರು ಎಂದಿನಂತೆ ಕೊನೆಯಲ್ಲಿದ್ದರು. ಮುಂದಿನ ಮೂವರ ಕಾರುಗಳು ಒಂದರ ಪಕ್ಕ ಒಂದು ಓಡುತ್ತಿದ್ದವು. ಗೆಲ್ಲುವ ಆಸೆ ಮುಗಿದಿತ್ತು. ಆದರೂ ಇವರು ಬೆವರುತ್ತಾ, ಪರದೆಯಿಂದ ಕಣ್ಣು ಕೀಳದೆ ಗುಂಡಿ ಒತ್ತುತ್ತಲೇ ಇದ್ದರು. ನಾನು ಬಾಗಿಲು ತೆರೆದೆ.

ಸಿಸ್ಟರ್ ಮೊದಲಿಗಿಂತ ಇನ್ನೂ ಸಣ್ಣಗಾಗಿದ್ದರು. ಛತ್ರಿ ಮಡಚಿ ನನ್ನ ಕೈಗೆ ಕೊಟ್ಟು, ಡ್ರಾಯಿಂಗ್ ರೂಮಿನ ನಡುವಿಗೆ ಬಂದು, ಯಜಮಾನರ ಪಕ್ಕದಲ್ಲೇ ನಿಂತು, ಜೀವಮಾನವಿಡೀ ತರಗತಿಗಳಿಗೆ ಹೇಳಿದ ದನಿಯಲ್ಲೇ ಹೇಳಿದರು. "ಗುಡ್ ಆಫ್ಟರ್‌ನೂನ್, ಚಿಲ್ಡ್ರನ್."

ನನ್ನ ಹಿಮ್ಮಡಿಗಳು ತಾವಾಗಿ ಕೂಡಿದವು. ಕೈಗಳು ಬೆನ್ನ ಹಿಂದೆ ಹೋದವು. ಬಾಯಿ ತಾನಾಗಿ ತೆರೆದುಕೊಂಡಿತು.

ಆದರೆ ನನಗಿಂತ ಮೊದಲು ಟಿವಿ ಉತ್ತರ ಕೊಟ್ಟಿತು. ಮೊದಲು ಕುರ್ಚಿಗಳು ಹಿಂದೆ ಸರಿದ ಕಿರ್ರ್ ಸದ್ದು. ಆಮೇಲೆ ಮೂರು ಗಂಡು ದನಿಗಳು, ಒಂದೇ ರಾಗದಲ್ಲಿ, ಒಂದೊಂದು ಅಕ್ಷರವನ್ನೂ ಎಳೆದು, "ಗುಽಽಽಡ್ ಆಽಫ್ಟರ್‌ನೂಽಽಽನ್, ಸಿಽಽಸ್ಟರ್! ಗಾಽಽಡ್ ಬ್ಲೆಽಸ್ ಯೂ, ಸಿಽಽಸ್ಟರ್!"

ಪೆನಾಂಗಿನ ದಂತವೈದ್ಯರು ಮಿಷನ್ ಸ್ಕೂಲು. ಮನಿಲಾದವರು ಮಿಷನ್ ಸ್ಕೂಲು. ಮಂಗಳೂರಿನವರದಂತೂ ಕೇಳುವುದೇ ಬೇಡ. ದೇಶ ಯಾವುದಾದರೇನು, ಆ ಮಾತು ಕಿವಿಗೆ ಬಿದ್ದರೆ ನಮ್ಮಂಥವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದು ನಿಲ್ಲುತ್ತೇವೆ. ಅವರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಿದ್ದರು. ಪರದೆಯ ಮೇಲೆ ಒಂದು ಕಾರು ಹುಲ್ಲಿನ ಬಣವೆಗೆ ನುಗ್ಗಿತು. ಒಂದು ಬೇಲಿ ಹಾರಿ ಸಮುದ್ರಕ್ಕೆ ಹೋಯಿತು. ಮನಿಲಾದವರದು ನಡುರಸ್ತೆಯಲ್ಲಿ ವಿನಯದಿಂದ ನಿಂತಿತು.

ಆ ಕೋಣೆಯಲ್ಲೂ ಆ ಮೂರು ಊರುಗಳಲ್ಲೂ ಏಳದೆ ಕುಳಿತಿದ್ದವರು ಒಬ್ಬರೇ. ನಮ್ಮ ಯಜಮಾನರು ಗದಗಿನ ಮುನ್ಸಿಪಾಲಿಟಿ ಶಾಲೆಯಲ್ಲಿ ಕಲಿತವರು. ಅಲ್ಲಿ ಮಾಸ್ತರರು ಒಳಗೆ ಬಂದರೆ ಅರ್ಧ ತರಗತಿ ಕಿಟಕಿಯಿಂದ ಹೊರಗೆ ಹೋಗುತ್ತಿತ್ತಂತೆ. ಅವರು ಒಂದನ್ನು ದಾಟಿದರು, ಎರಡನ್ನು ದಾಟಿದರು, ಮನಿಲಾದವರ ಪಕ್ಕದಿಂದ ಸುತ್ತಿಬಳಸಿ ಹೋಗಿ, ಗೆರೆ ದಾಟಿದರು.

"ಬಂದೆ!" ಎಂದರು. ಆಮೇಲೆ ಸಿಸ್ಟರನ್ನು ನೋಡಿ, ಎದ್ದು, ಕಂಟ್ರೋಲರ್ ಹಿಡಿದ ಕೈಗಳಿಂದಲೇ, "ನಮಸ್ಕಾರ್ರೀ" ಎಂದರು.

ನಾನು ಸಿಸ್ಟರಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಷರತ್ತು, ದೀಪಾವಳಿ, ಕರಂಗುನಿ. "ಆದರೆ ಸಿಸ್ಟರ್, ಇದು ಗೆಲುವಲ್ಲ. ಉಳಿದವರೆಲ್ಲ ಮರ್ಯಾದೆ ಕೊಟ್ಟು ಎದ್ದು ನಿಂತಿದ್ದರು" ಎಂದೆ.

ಸಿಸ್ಟರ್ ಕನ್ನಡಕ ಸರಿಪಡಿಸಿಕೊಂಡು ಟಿವಿಯನ್ನೂ ಯಜಮಾನರನ್ನೂ ನೋಡಿದರು.

"ಪರೀಕ್ಷೆಯ ಹಾಲಿನೊಳಗೆ ಯಾರು ಬಂದರೂ ತಲೆ ಎತ್ತಬಾರದೆಂದು ನಾನು ನಿನಗೆ ಕಲಿಸಿರಲಿಲ್ಲವೇ?" ಎಂದರು. "ತನ್ನ ಪೇಪರಿನ ಮೇಲೆ ಕಣ್ಣಿಟ್ಟವನು ಇವನೊಬ್ಬನೇ. ಮಾರ್ಕ್ಸ್ ಕೊಡು."

ಸಿಸ್ಟರ್ ಕೊಟ್ಟ ತೀರ್ಪಿಗೆ ಮೇಲ್ಮನವಿ ಇಲ್ಲ. ಯಂತ್ರ ಉಳಿಯಿತು. ಯಜಮಾನರು ಸಂತೋಷದಲ್ಲಿ ಸಿಸ್ಟರಿಗೆ ತಾವೇ ಚಹಾ ತಂದುಕೊಟ್ಟರು, ಸಾಸರಿನಲ್ಲಿ ಚೆಲ್ಲದೆ. ಮಗಳು ಬಂದು ಕೇಕ್ ಕೊಟ್ಟಳು. ಸಿಸ್ಟರ್ ಹಳೆಯ ಹುಡುಗಿಯರ ಸುದ್ದಿಯನ್ನೆಲ್ಲ ನಿಧಾನವಾಗಿ ಹೇಳಿದರು, ಎರಡನೆಯ ಕಪ್ಪು ಕುಡಿದರು, ನನ್ನ ಪರದೆಗಳನ್ನು ಮೆಚ್ಚಿದರು. ಅಂಥ ತೃಪ್ತಿಯ ಮಧ್ಯಾಹ್ನಗಳು ಹೆಚ್ಚು ಬರುವುದಿಲ್ಲ. ಕೊನೆಗೆ ಅವರನ್ನು ಟ್ಯಾಕ್ಸಿ ಹತ್ತಿಸಿ, ಲಿಫ್ಟಿನಲ್ಲಿ ಮೇಲೆ ಬಂದೆವು.

ಬಾಗಿಲು ಹಾಕುತ್ತಿದ್ದಂತೆ ಟಿವಿಯಿಂದ ಯಾರೋ ಮೆಲ್ಲಗೆ ಕೆಮ್ಮಿದರು.

ಯಜಮಾನರು ಬೆಚ್ಚಿ ಹೆಡ್‌ಸೆಟ್ ಎತ್ತಿಕೊಂಡರು. "ಅರೇ! ನೀವಿನ್ನೂ ಇದ್ದೀರೇನು?"

ಮಂಗಳೂರಿನವರ ದನಿ ಬಹಳ ಸಣ್ಣದಾಗಿ ಬಂತು. "ಇದ್ದೀವಿ. ಮೇಡಂ ಇದ್ದಾರಾ? ಸ್ವಲ್ಪ ಕೇಳಿ... ಸಿಸ್ಟರ್ ಕೂತ್ಕೊಳ್ಳಿ ಅಂತ ಹೇಳ್ಲೇ ಇಲ್ಲ. ಡಾಕ್ಟರ್‌ಗೆ ಮಂಡಿ ನೋವಂತೆ."

ಯಜಮಾನರು ನನ್ನ ಮುಖ ನೋಡಿದರು. ನಾನು ಹೆಡ್‌ಸೆಟ್ ಇಸಿದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಆ ದನಿಯಲ್ಲೇ ಹೇಳಿದೆ. "ಸಿಟ್ ಡೌನ್, ಚಿಲ್ಡ್ರನ್."

ಮೂರು ಊರುಗಳಲ್ಲಿ ಮೂರು ಕುರ್ಚಿಗಳು ನಿಟ್ಟುಸಿರು ಬಿಟ್ಟವು. "ಥ್ಯಾಂಽಽಕ್ಯೂ, ಮಿಽಽಸ್!"